ಉಡಕ್ಕ ಪೆಟ್ಟಿಗಿ ಯಾಕ್ರವಾ?

ಹೊಲದಾಗ ಸಿಕ್ಕ ಉಡದ ಮರಿಗೆ ನಮ್ಮ ಅತ್ತಿಯವರ ಹಳೇ ಮಂಚ ಒಡದು ಪೆಟ್ಟಿಗಿ ಮಾಡ್ತೀನಂತ ಮೈದುನನ ಮಗ ಕುಂತಿದ್ದ. ನಾ ಬ್ಯಾಡಂದೆ. "ಹುಡುಗನ ಆಸಿ ಮುರದಿ" ಅಂತ ನೀವೆಲ್ಲಾ ನನಗ ಬೈದ್ರಿ. ಈಗ ನನ್ನ ಮಾತೂ ಒಂಚೂರು ಕೇಳ್ರಿ.

ಅಮೆರಿಕಾದಾಗ ಉಡ ಸಾಕ್ತಾರ, ಖರೆ. ಆದ್ರ ಅಲ್ಲಿ ಬಲ್ಲವರು ದೊಡ್ಡ ಉಡಕ್ಕ 8 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರದ ಕಟ್ಟಿಗಿ ಗೂಡು ಕಟ್ತಾರ. ತೋಡಲಿಕ್ಕೆ 2 ಅಡಿ ಹಸಿ ಮಣ್ಣು, ಮೈ ಕಾಸಲಿಕ್ಕೆ ದೀಪ, ಹಲಗಿ ಕೊಳೀಬಾರದಂತ ಒಳಗೆಲ್ಲಾ ಬಣ್ಣ. ಇಷ್ಟೆಲ್ಲಾ ಯಾಕ? ಬದು, ಬಿಸಲು, ಹುತ್ತ ಇವನ್ನ ಪೆಟ್ಟಿಗ್ಯಾಗ ತುಂಬಲಿಕ್ಕೆ. ನಮ್ಮ ಹೊಲದಾಗ ಅವು ಪುಕ್ಕಟೆ ಅದಾವಲ್ಲ! ಹೆಣ್ಣು ಉಡ ಹುತ್ತದಾಗ ತತ್ತಿ ಇಡ್ತದ. ಇಲಿ, ಹುಳ ತಿಂದು ನಮಗ ಉಪಕಾರನೂ ಮಾಡ್ತದ.

ಮ್ಯಾಲ ಕಾಯ್ದೆ ಬ್ಯಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಾಗ ನಮ್ಮ ಉಡ ಅದ. ಹಿಡದು ಇಟ್ಟುಕೊಂಡವರಿಗೆ 3ರಿಂದ 7 ವರ್ಷ ಜೈಲು. ನಾ ಹುಡುಗನ ಆಸಿ ಮುರದೆನೋ, ಹುಡುಗನ್ನ ಉಳಿಸಿದೆನೋ, ನೀವೇ ಹೇಳ್ರಿ.

ಮರೀನ್ನ ಸಿಕ್ಕ ಬದುವಿನ ಮ್ಯಾಲೇ ಬಿಟ್ಟು ಬಂದ್ವಿ. ಹುಡುಗ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾನೇ ಹೋಗಿ ಬದು ನೋಡಿ ಬಂದ.

ಮಂಚ ಹಂಗೇ ಅದ. ಬಂದು ಅದರ ಮ್ಯಾಲ ಕೂತು ಬೈರಿ.