ಸಾಲ ಕೊಟ್ಟಿರಿ, ಇನ್ನು ಬಿಲ್ಲಿನ ಹಣವನ್ನೂ ಕೊಡಿಸಿ

ರಾಜ್ಯದ ಸಣ್ಣ ಕೈಗಾರಿಕಾ ಸಚಿವರಿಗೆ ಹಾಗೂ ಎಲ್ಲ ಜಿಲ್ಲಾ ಕೈಗಾರಿಕಾ ಕೇಂದ್ರಗಳ ಜಂಟಿ ನಿರ್ದೇಶಕರಿಗೆ ಬಹಿರಂಗ ಪತ್ರ

ಮಾನ್ಯರೇ,

ತಾಲ್ಲೂಕು ಕೇಂದ್ರವೊಂದರಲ್ಲಿ ಸಣ್ಣದೊಂದು ಸ್ಕ್ರೀನ್ ಪ್ರಿಂಟಿಂಗ್ ಘಟಕ ನಡೆಸುತ್ತಿದ್ದೇನೆ. ಬಟ್ಟೆ ಚೀಲ, ಟೀಶರ್ಟು, ಶಲ್ಯ, ಫೈಲು, ಸ್ಟಿಕ್ಕರು, ಆಮಂತ್ರಣ ಪತ್ರಿಕೆ, ಹೀಗೆ ದೊಡ್ಡ ಪ್ರೆಸ್ಸಿನವರು ಮುಟ್ಟದ ಚಿಲ್ಲರೆ ಅಚ್ಚಿನ ಕೆಲಸವೆಲ್ಲ ನಮ್ಮಂಥವರ ಮೇಜಿಗೆ ಬರುತ್ತದೆ. ಈ ಉದ್ಯೋಗ ಶುರು ಮಾಡುವಾಗ ಸರ್ಕಾರದಿಂದ ನನಗೆ ಆದ ಉಪಕಾರವನ್ನು ಮೊದಲು ಹೇಳಿಬಿಡುತ್ತೇನೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯ ತರಬೇತಿ ಕೇಂದ್ರಗಳು ಇಂದು ಜಿಲ್ಲೆಗೊಂದರಂತೆ ದೇಶದ ತುಂಬ ಇವೆ. ಅಂಥದೊಂದು ಕಡೆ ಊಟ, ವಸತಿ ಕೊಟ್ಟು ಕೆಲಸ ಕಲಿಸಿದರು. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಯೋಜನಾ ವೆಚ್ಚದ ಶೇ. 5ರಷ್ಟನ್ನು ತಾವು ಹಾಕಿದರೆ ಸಾಕು, ಶೇ. 35ರಷ್ಟು ಸಹಾಯಧನವಿದೆ. ಅದಕ್ಕೂ ಚಿಕ್ಕದಾಗಿ ಶುರು ಮಾಡುವವರಿಗೆ ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಸಿಗುತ್ತದೆ. ನಾಲ್ಕು ಫ್ರೇಮು, ಒಂದು ಮೇಜು, ಸ್ಕ್ವೀಜಿ, ಎಮಲ್ಷನ್ನು, ಒಂದಿಷ್ಟು ಬಣ್ಣ ಕೊಳ್ಳಲು ಅದು ಸಾಲುತ್ತದೆ. ಈ ಯೋಜನೆಗಳ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ಅಂಗಡಿ ತೆರೆದ ಮೇಲಿನ ಕಥೆಯ ಬಗ್ಗೆ. ಹೊಸ ಘಟಕಕ್ಕೆ ಸಾಲ ಕೊಡಿಸಲು ನಿಮ್ಮಲ್ಲಿ ವ್ಯವಸ್ಥೆಯಿದೆ. ಆ ಘಟಕ ದುಡಿದ ಹಣವನ್ನು ವೇಳೆಗೆ ಕೊಡಿಸುವ ವ್ಯವಸ್ಥೆ ಕಾಗದದ ಮೇಲಷ್ಟೇ ಇದೆ. ಹೊಸದಾಗಿ ಶುರುವಾದ ಪ್ರಿಂಟಿಂಗ್ ಘಟಕಗಳು ಮೊದಲೆರಡು ವರ್ಷದಲ್ಲೇ ಸೊರಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕಂಡಿಲ್ಲ.

ನಮ್ಮ ಊರಿನಲ್ಲಿ ನೂರು, ಇನ್ನೂರರ ಲೆಕ್ಕದಲ್ಲಿ ಅಚ್ಚು ಹಾಕಿಸುವವರು ಯಾರು ಎಂದು ಒಮ್ಮೆ ಯೋಚಿಸಿ. ರಾಜ್ಯೋತ್ಸವಕ್ಕೆ ಕೆಂಪು ಹಳದಿ ಶಲ್ಯ, ಮತದಾರರ ಜಾಗೃತಿ ಜಾಥಾಕ್ಕೆ ಟೀಶರ್ಟು, ಪ್ಲಾಸ್ಟಿಕ್ ಬಿಡಿ ಎಂಬ ಅಭಿಯಾನಕ್ಕೆ ಬಟ್ಟೆ ಚೀಲ, ಶಾಲಾ ವಾರ್ಷಿಕೋತ್ಸವಕ್ಕೆ ಬ್ಯಾಡ್ಜು. ಸರ್ಕಾರಿ ಕಚೇರಿ, ಸ್ಥಳೀಯ ಸಂಸ್ಥೆ, ಶಾಲೆ, ಕಾಲೇಜುಗಳೇ ನಮ್ಮ ದೊಡ್ಡ ಗಿರಾಕಿಗಳು. 2016ರಲ್ಲಿ ರಾಜ್ಯ ಪ್ಲಾಸ್ಟಿಕ್ ಚೀಲ ಮತ್ತು ಫ್ಲೆಕ್ಸ್ ನಿಷೇಧಿಸಿದಾಗ, 2022ರ ಜುಲೈ 1ರಿಂದ ದೇಶದಲ್ಲೆಲ್ಲ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಮೇಲೆ ನಿಷೇಧ ಬಂದಾಗ, ಬಟ್ಟೆ ಚೀಲದ ಅಚ್ಚಿಗೆ ಕಾಲ ಬಂತೆಂದು ನಂಬಿ ಈ ಕಸುಬಿಗೆ ಇಳಿದವರು ಬಹಳ ಮಂದಿ. ನಾನೂ ಅವರಲ್ಲಿ ಒಬ್ಬಳು.

ಆರ್ಡರು ಬರುವುದು ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ. ಲಾಂಛನವನ್ನು ವಾಟ್ಸಾಪಿನಲ್ಲಿ ಉಗುರಿನಷ್ಟು ಚಿತ್ರವಾಗಿ ಕಳಿಸುತ್ತಾರೆ. ಅದನ್ನು ದೊಡ್ಡದು ಮಾಡಿದರೆ ಅಂಚು ಒಡೆಯುತ್ತದೆ, ಹಾಗಾಗಿ ಮೊದಲಿನಿಂದ ಬರೆಯಬೇಕು. ಒಂದೊಂದು ಬಣ್ಣಕ್ಕೂ ಬೇರೆ ಫಿಲ್ಮು, ಬೇರೆ ಸ್ಕ್ರೀನು. ಕತ್ತಲೆ ಕೋಣೆಯಲ್ಲಿ ಮೆಷ್ಷಿಗೆ ಎಮಲ್ಷನ್ ಸವರಿ ಒಣಗಿಸಿ, ಮೇಲೆ ಫಿಲ್ಮು ಇಟ್ಟು ಬೆಳಕಿಗೆ ಹಿಡಿದರೆ ಬೆಳಕು ಬಿದ್ದ ಜಾಗ ಗಟ್ಟಿಯಾಗುತ್ತದೆ, ಬೀಳದ ಜಾಗ ನೀರಿಗೆ ತೊಳೆದುಹೋಗಿ ಬಣ್ಣಕ್ಕೆ ದಾರಿ ಬಿಡುತ್ತದೆ. ಅಷ್ಟೂ ಆದಮೇಲೆ ಫೋನು ಬರುತ್ತದೆ, ಮುಖ್ಯ ಅತಿಥಿಯ ಹೆಸರು ಬದಲಾಗಿದೆ ಎಂದು. ಸ್ಕ್ರೀನು ಅಳಿಸಿ ಮತ್ತೆ ಮಾಡಬೇಕು. ಅದಕ್ಕೆ ಬಿಲ್ಲಿನಲ್ಲಿ ಜಾಗವಿಲ್ಲ. ಎರಡು ಬಣ್ಣವಿದ್ದರೆ ಒಂದರ ಮೇಲೊಂದು ಕೂದಲೆಳೆ ಜಾರದಂತೆ ಕೂರಿಸಬೇಕು. ಆಮೇಲೆ ಒಂದೊಂದೇ ತುಂಡಿಗೆ ಬಿಸಿ ಕೊಡಬೇಕು. ಪ್ಲಾಸ್ಟಿಸಾಲ್ ಬಣ್ಣವಾದರೆ ಸುಮಾರು 160 ಡಿಗ್ರಿ ಕಾವು ಬೇಕು, ಸರಿಯಾಗಿ ಕಾಯದಿದ್ದರೆ ಎರಡನೇ ಒಗೆತಕ್ಕೆ ಸೀಳು ಬಿಡುತ್ತದೆ. ರಾತ್ರಿಯಿಡೀ ನಿಂತು ಮಾಡುವ ಕೆಲಸ ಇದು. ಮಾಡಲು ನಮಗೆ ಬೇಸರವಿಲ್ಲ.

ಟೀಶರ್ಟು ಬರುವುದು ತಿರುಪ್ಪೂರಿನಿಂದ. ಅಲ್ಲಿಯ ವ್ಯಾಪಾರಿಗೆ ಹೊಸಬರ ಪರಿಚಯವಿರುವುದಿಲ್ಲ, ಪೂರ್ತಿ ಹಣ ಕೈಗೆ ಬಂದ ಮೇಲೇ ಲಾರಿಗೆ ಹಾಕುತ್ತಾನೆ. ಬಣ್ಣದ ಅಂಗಡಿಯವನೂ ನಗದು ಕೇಳುತ್ತಾನೆ. ಸಹಾಯಕ್ಕೆ ಬಂದ ಹುಡುಗರಿಗೆ ವಾರದ ಬಟವಾಡೆ ತಪ್ಪಿಸುವಂತಿಲ್ಲ. ಜಿಎಸ್‌ಟಿ ನೋಂದಣಿಯಿದ್ದರೆ, ಗಿರಾಕಿ ಹಣ ಕೊಟ್ಟಿರಲಿ ಬಿಡಲಿ, ಬಿಲ್ಲು ಬರೆದ ಲೆಕ್ಕಕ್ಕೆ ತೆರಿಗೆ ಕಟ್ಟಬೇಕು. ಇಷ್ಟೆಲ್ಲ ಹಣ ನಮ್ಮ ಕೈಯಿಂದ ಮೊದಲೇ ಹೋಗಿರುತ್ತದೆ. ನಮಗೆ ಬರಬೇಕಾದದ್ದು ಮಾತ್ರ ಕಚೇರಿಯ ಕಡತದಲ್ಲಿ ಕೂತಿರುತ್ತದೆ.

ನನ್ನ ಅನುಭವವನ್ನು ಚುಟುಕಾಗಿ ಹೇಳುತ್ತೇನೆ. ಒಂದು ಕಚೇರಿ ಜಾಥಾಕ್ಕೆಂದು ಚೀಲ ಮತ್ತು ಟೀಶರ್ಟು ಮಾಡಿಸಿತು. ಮಾಲು ಹೋಯಿತು, ಜಾಥಾ ನಡೆಯಿತು, ಫೋಟೋ ಪತ್ರಿಕೆಯಲ್ಲಿ ಬಂತು. ಬಿಲ್ಲು ಕೇಳಿದಾಗ ಅನುದಾನ ಬಂದಿಲ್ಲ ಎಂದರು. ಬಂದ ಮೇಲೆ ಸಾಹೇಬರು ವರ್ಗವಾಗಿದ್ದಾರೆ ಎಂದರು. ಹೊಸಬರು ಬಂದು ಆದೇಶದ ಪ್ರತಿ ಸರಿಯಿಲ್ಲ ಎಂದರು. ಮಾರ್ಚ್ 31 ದಾಟಿತು, ಹಣ ವಾಪಸ್ ಹೋಯಿತು, ಮುಂದಿನ ವರ್ಷದ ಬಜೆಟ್ಟಿಗೆ ಕಾಯಿರಿ ಎಂದರು. ಕೊನೆಗೆ, ತಿಂಗಳುಗಟ್ಟಲೆ ಕಳೆದ ಮೇಲೆ, ಹಳದಿ ಬಣ್ಣ ಮಂಕಾಗಿದೆ, ಹತ್ತು ಪರ್ಸೆಂಟ್ ಕಡಿತ ಮಾಡುತ್ತೇವೆ ಎಂಬ ಮಾತೂ ಬಂತು. ಈ ಮಧ್ಯೆ ನನ್ನ ಬ್ಯಾಂಕಿನ ಕಂತು ಒಂದು ತಿಂಗಳೂ ಕಾಯಲಿಲ್ಲ. ಕಂತು 90 ದಿನ ಬಾಕಿ ಬಿದ್ದರೆ ಆ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ, ಹೆಸರು ಕೆಡುತ್ತದೆ. ಸಹಾಯಧನ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುವುದರಿಂದ ಕಷ್ಟಕಾಲಕ್ಕೆ ಅದೂ ಒದಗುವುದಿಲ್ಲ. ಅಮ್ಮನ ಓಲೆ ಅಡವಿಟ್ಟು ಕಂತು ಕಟ್ಟಿದೆ.

ಕಾನೂನಿಲ್ಲವೇ ಎಂದರೆ ಇದೆ, ಅದೂ ಗಟ್ಟಿಯಾಗಿಯೇ ಇದೆ. ಕೇಂದ್ರದ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಬಂದದ್ದು 2006ರಲ್ಲಿ. ಅದರ 15ನೇ ಕಲಮಿನಂತೆ, ಲಿಖಿತ ಒಪ್ಪಂದವಿದ್ದರೂ ಅತಿಸಣ್ಣ, ಸಣ್ಣ ಘಟಕಗಳ ಹಣವನ್ನು 45 ದಿನಕ್ಕಿಂತ ಮುಂದೆ ಹಾಕುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನವಷ್ಟೇ ಗಡುವು. ಮಾಲಿನ ಬಗ್ಗೆ ಆಕ್ಷೇಪವಿದ್ದರೆ ತಲುಪಿದ 15 ದಿನದೊಳಗೆ ಬರಹದಲ್ಲಿ ಹೇಳಬೇಕು, ಹೇಳದಿದ್ದರೆ ಒಪ್ಪಿಕೊಂಡಂತೆ. ಹಾಗಾಗಿ ತಿಂಗಳುಗಳ ನಂತರ ಹಳದಿ ಮಂಕಾಗಿದೆ ಎನ್ನಲು ಯಾರಿಗೂ ಹಕ್ಕಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳು ತಿಂಗಳು ಚಕ್ರಬಡ್ಡಿಯಾಗಿ ಕೊಡಬೇಕು. ದೂರು ಹೇಳಲು ಫೆಸಿಲಿಟೇಷನ್ ಕೌನ್ಸಿಲ್ ಇದೆ, 2017ರಲ್ಲಿ ಸಮಾಧಾನ್ ಪೋರ್ಟಲ್ ಬಂತು, 90 ದಿನದೊಳಗೆ ತೀರ್ಮಾನ ಕೊಡಬೇಕೆಂಬ ನಿಯಮವಿದೆ.

ಆದರೂ ನಮ್ಮಂಥವರು ದೂರು ಕೊಡುವುದಿಲ್ಲ. ಒಂದು ತಾಲ್ಲೂಕಿನಲ್ಲಿ ಆರ್ಡರು ಕೊಡುವ ಕಚೇರಿಗಳು ಹತ್ತಿಪ್ಪತ್ತು. ಒಂದರ ಮೇಲೆ ದೂರು ಹಾಕಿದವಳ ಹೆಸರು ಸಂಜೆಯೊಳಗೆ ಉಳಿದ ಕಚೇರಿಗಳಿಗೂ ತಿಳಿದಿರುತ್ತದೆ. ದೂರು ಕೊಟ್ಟು ಹಳೆಯ ಬಿಲ್ಲು ಗೆದ್ದವರು ಹೊಸ ಆರ್ಡರುಗಳನ್ನೆಲ್ಲ ಕಳೆದುಕೊಳ್ಳುತ್ತಾರೆ. ಮೇಲಾಗಿ ಪೋರ್ಟಲ್ಲಿಗೆ ಹೋಗಲು ಉದ್ಯಮ್ ನೋಂದಣಿ ಬೇಕು, ಹೊಸಬರು ಎಷ್ಟೋ ಸಲ ಮೊದಲ ಕೆಲಸವನ್ನು ನೋಂದಣಿಗೆ ಮುಂಚೆಯೇ ಮಾಡಿರುತ್ತಾರೆ. ನೋಂದಣಿಯಲ್ಲೂ ತೊಡಕಿದೆ. ಕಾಗದದ ಮೇಲಿನ ಅಚ್ಚು ಉದ್ಯಮ ವರ್ಗೀಕರಣದಲ್ಲಿ 18ನೇ ವಿಭಾಗ, ಬಟ್ಟೆಯ ಮೇಲಿನ ಸ್ಕ್ರೀನ್ ಪ್ರಿಂಟಿಂಗ್ 13ನೇ ವಿಭಾಗ. ಒಂದೇ ಮೇಜು, ಒಂದೇ ಸ್ಕ್ವೀಜಿ, ಎರಡು ಸಂಖ್ಯೆ. ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ಬಟ್ಟೆ ವ್ಯಾಪಾರ ಎಂದು ಒತ್ತಿಬಿಟ್ಟರೆ ಮುಗಿಯಿತು. 2021ರಲ್ಲಿ ವ್ಯಾಪಾರಿಗಳನ್ನು ಉದ್ಯಮ್‌ಗೆ ಸೇರಿಸಿಕೊಂಡದ್ದು ಆದ್ಯತಾ ಸಾಲಕ್ಕಾಗಿ ಮಾತ್ರ, ಬಾಕಿ ವಸೂಲಿಯ ರಕ್ಷಣೆ ಅವರಿಗಿಲ್ಲ. ತರಬೇತಿಯಲ್ಲಿ ಈ ಮಾತನ್ನು ನಮಗೆ ಯಾರೂ ಹೇಳಲಿಲ್ಲ.

2024ರ ಏಪ್ರಿಲ್‌ನಿಂದ ಜಾರಿಯಾದ ಆದಾಯ ತೆರಿಗೆ ನಿಯಮದಿಂದ ಖಾಸಗಿ ಗಿರಾಕಿಗಳಲ್ಲಿ ಸ್ವಲ್ಪ ಭಯ ಹುಟ್ಟಿದೆ. ಗಡುವಿನೊಳಗೆ ಕೊಡದ ಹಣವನ್ನು ಆ ವರ್ಷದ ಖರ್ಚಿನಲ್ಲಿ ಅವರು ತೋರಿಸುವಂತಿಲ್ಲ. ಆದಾಯ ತೆರಿಗೆ ಕಟ್ಟದ ಸರ್ಕಾರಿ ಕಚೇರಿಗೆ ಈ ನಿಯಮ ತಟ್ಟುವುದೇ ಇಲ್ಲ.

ಆದ್ದರಿಂದ ನನ್ನ ಬೇಡಿಕೆ, ನಾವು ದೂರು ಕೊಡುವ ಅಗತ್ಯವೇ ಬೀಳದಂತೆ ಮಾಡಿ. ಲೆಕ್ಕ ಪರಿಶೋಧನೆಗೆ ಒಳಪಡುವ ಖರೀದಿದಾರರು ಸಣ್ಣ ಘಟಕಗಳಿಗೆ ಉಳಿಸಿಕೊಂಡ ಬಾಕಿಯನ್ನು ವಾರ್ಷಿಕ ಲೆಕ್ಕಪತ್ರದಲ್ಲಿ ತೋರಿಸಬೇಕೆಂದು 2006ರ ಅದೇ ಕಾಯ್ದೆಯ 22ನೇ ಕಲಮು ಹೇಳುತ್ತದೆ. ರಾಜ್ಯದ ಪ್ರತಿಯೊಂದು ಕಚೇರಿಯೂ, ಪಂಚಾಯಿತಿಯಿಂದ ವಿಶ್ವವಿದ್ಯಾಲಯದವರೆಗೆ, ಇಂಥ ಬಾಕಿಯ ಪಟ್ಟಿಯನ್ನು ಪ್ರತಿ ತಿಂಗಳು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ತಾನಾಗಿಯೇ ಕಳಿಸಬೇಕು, ಕಚೇರಿಯ ಸೂಚನಾ ಫಲಕದಲ್ಲೂ ಹಾಕಬೇಕು. 45 ದಿನ ದಾಟಿದ ಬಿಲ್ಲಿನ ಬಗ್ಗೆ ಕೇಂದ್ರದ ಅಧಿಕಾರಿಯೇ ವಿಚಾರಿಸಲಿ, ನಮ್ಮನ್ನು ಮುಂದೆ ನಿಲ್ಲಿಸಬೇಡಿ. ಹಣ ಮಂಜೂರಾಗದ ಕಾರ್ಯಕ್ರಮಕ್ಕೆ ಮಾಲು ಮಾಡಿಸುವುದನ್ನು ನಿಲ್ಲಿಸಿ. ಮಾಲು ಇಳಿಸಿಕೊಂಡ ದಿನವೇ ದಿನಾಂಕ, ಮೊಹರು ಹಾಕಿದ ರಸೀದಿ ಕೊಡುವುದು ಕಡ್ಡಾಯವಾಗಲಿ, ಏಕೆಂದರೆ ಗಡುವಿನ ಲೆಕ್ಕ ಶುರುವಾಗುವುದು ಅಲ್ಲಿಂದ. ಬಟ್ಟೆಯ ಮೇಲಿನ ಕೆಲಸಕ್ಕೆ ಕಚ್ಚಾ ಮಾಲಿನ ಬೆಲೆಯಷ್ಟಾದರೂ ಮುಂಗಡ ಕೊಡಿ. ತರಬೇತಿ ಕೇಂದ್ರಗಳಲ್ಲಿ ಎಮಲ್ಷನ್ ಸವರುವುದನ್ನು ಕಲಿಸುವಾಗ ಉದ್ಯಮ್ ನೋಂದಣಿ, ಸರಿಯಾದ ಸಂಕೇತ ಸಂಖ್ಯೆ, ಬಿಲ್ಲು ಬರೆಯುವ ಕ್ರಮಗಳಿಗೆ ಒಂದು ಪೂರ್ತಿ ದಿನ ಮೀಸಲಿಡಿ. ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾನೂನು ಬೇಡ, ಒಂದು ಸುತ್ತೋಲೆ ಸಾಕು.

ನವೆಂಬರ್ ಮೊದಲ ವಾರದಲ್ಲಿ ರಾಜ್ಯದ ಊರೂರಿನಲ್ಲೂ ಕೆಂಪು ಹಳದಿ ಶಲ್ಯಗಳ ಬಿಲ್ಲು ಬರೆಯಲಾಗುತ್ತದೆ. ಆ ಸುತ್ತೋಲೆ ಅದಕ್ಕೆ ಮೊದಲೇ ಕಚೇರಿಗಳಿಗೆ ತಲುಪಬೇಕೆಂದು ಕೋರುತ್ತೇನೆ.

ಇಂತಿ,
ತಾಲ್ಲೂಕು ಕೇಂದ್ರದ ಒಬ್ಬ ಸ್ಕ್ರೀನ್ ಪ್ರಿಂಟರ್