ಸೊನ್ನೆ ಬಿಲ್ಲಿನ ಆಚೆಗೆ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ಸಾಗಿ ಮೊದಲು ತಲುಪಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರಲ್ಲಿ. ಹಳ್ಳಿಗಳ ಸರದಿ ಬರಲು ದಶಕಗಳೇ ಬೇಕಾದವು. ವಿದ್ಯುತ್ ಮೊದಲು ಯಾರಿಗೆ, ಅದರ ಬೆಲೆ ತೆರುವವರು ಯಾರು ಎಂಬ ಪ್ರಶ್ನೆ ಈ ಉದ್ಯಮದೊಂದಿಗೇ ಹುಟ್ಟಿದೆ.

1999ರಲ್ಲಿ ವಿದ್ಯುತ್ ಮಂಡಳಿಯ ಸ್ಥಾನಕ್ಕೆ ಕೆಪಿಟಿಸಿಎಲ್ ಬಂತು. 2002ರಲ್ಲಿ ವಿತರಣೆಯ ಹೊಣೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳ ಪಾಲಾಯಿತು. ಉತ್ಪಾದಿಸುವವರು, ಸಾಗಿಸುವವರು, ಮಾರುವವರು ಈಗ ಬೇರೆ ಬೇರೆ. ದರ ನಿಗದಿಪಡಿಸುವ ಅಧಿಕಾರವಾದರೋ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ್ದು. ಆದರೂ ಬಿಲ್ಲು ಏರಿದೊಡನೆ ನಾವು ಬೈಯುವುದು ಮೀಟರ್ ಓದಲು ಬಂದವನನ್ನು, ಆ ಬಡಪಾಯಿಯನ್ನು!

2023ರಲ್ಲಿ ಆರಂಭವಾದ ಗೃಹಜ್ಯೋತಿಯು ತಿಂಗಳಿಗೆ 200 ಯೂನಿಟ್‌ಗಳ ಮಿತಿಯಲ್ಲಿ ಮನೆಗಳಿಗೆ ಉಚಿತ ವಿದ್ಯುತ್ ಒದಗಿಸಿತು. ಬಡ ಕುಟುಂಬಗಳಿಗೆ ಅದು ದೊಡ್ಡ ಆಸರೆ. ಅದನ್ನು ಬಿಟ್ಟಿಯೆಂದು ಹಂಗಿಸುವವರೊಂದಿಗೆ ನಾವಿಲ್ಲ. ಆದರೆ ಆ ಹಣವನ್ನು ಸರಕಾರವು ಕಂಪೆನಿಗಳಿಗೆ ತುಂಬಿಕೊಡಲೇಬೇಕು. ತಡವಾದರೆ ಕಂಪೆನಿಗಳು ಸಾಲಕ್ಕೆ ಕೈಚಾಚಬೇಕಾಗುತ್ತದೆ. ಇನ್ನೊಂದು ಮಾತು. ಈ ಸೌಲಭ್ಯವಿರುವುದು ಮನೆಯ ಮೀಟರಿಗೆ ಮಾತ್ರ. ಆ ಮನೆಯನ್ನು ಸಾಕುವ ಹೊಲಿಗೆಯಂಗಡಿ, ಗ್ಯಾರೇಜು, ವೆಲ್ಡಿಂಗ್ ಶಾಪುಗಳು ಪೂರ್ಣ ದರ ತೆರುತ್ತವೆ. ಮನೆಯಲ್ಲಿ ಸೊನ್ನೆ ಬಿಲ್ಲು ಕಂಡು ಹಿಗ್ಗಿದವರೇ ಅಂಗಡಿಯ ಬಿಲ್ಲು ಕಂಡು ನಿಟ್ಟುಸಿರು ಬಿಡುತ್ತಾರೆ.

ದರ ಪರಿಷ್ಕರಣೆಗೆ ಮುನ್ನ ಕಂಪೆನಿಗಳ ಅರ್ಜಿಯನ್ನು ಪ್ರಕಟಿಸಿ, ಬಳಕೆದಾರರ ಆಕ್ಷೇಪಣೆಗಳನ್ನು ಆಯೋಗವು ಬಹಿರಂಗ ವಿಚಾರಣೆಯಲ್ಲಿ ಆಲಿಸುತ್ತದೆ. ದೊಡ್ಡ ಕೈಗಾರಿಕೆಗಳ ಸಂಘಗಳು ಅಲ್ಲಿಗೆ ಲೆಕ್ಕಪತ್ರಗಳೊಂದಿಗೆ ಹೋಗುತ್ತವೆ. ನಮ್ಮ ಪಟ್ಟಣಗಳ ದರ್ಜಿಗಳು, ಗ್ಯಾರೇಜಿನವರು ಎಲ್ಲಿದ್ದಾರೆ? ಆಕ್ಷೇಪಣೆ ಸಲ್ಲಿಸಲು ವಕೀಲರೇ ಬೇಕೆಂದೇನೂ ಇಲ್ಲ.