ಸ್ಟುಡಿಯೋ ಬೇಡ, ಕೌದಿ ಸಾಕು

ಅಜ್ಜಿಯ ಬೀಸುವ ಕಲ್ಲಿನ ಪದ ರೆಕಾರ್ಡ್ ಮಾಡೋಣ ಅಂದರೆ, ‘ಮೊದಲು ಸ್ಟುಡಿಯೋ ಆಗಲಿ’ ಅನ್ನುತ್ತಾರೆ ನಮ್ಮ ಹುಡುಗರು. ಅದಕ್ಕೆ ಲಕ್ಷ ರೂಪಾಯಿ ಬೇಕಂತೆ. ಹೇಳಿದವರು ಯಾರು? ಸಾಮಾನು ಮಾರುವವರು!

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಹೊರಗಿನ ಟ್ರ್ಯಾಕ್ಟರ್ ಸದ್ದು ನಿಲ್ಲುವುದಿಲ್ಲ. ಅದಕ್ಕೆ ದಪ್ಪ ಗೋಡೆಯೇ ಬೇಕು, ಇಲ್ಲವೇ ಊರು ಏಳುವ ಮುಂಚಿನ ನಸುಕು. ಕೋಣೆಯ ಮಾರ್ದನಿ ತಗ್ಗಿಸಲು ಸುತ್ತ ಕೌದಿ ತೂಗುಹಾಕಿ, ಹಾಸಿಗೆ ಒರಗಿಸಿ. ಫ್ಯಾನ್ ಆರಿಸಿ, ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಕಾಲರ್ ಮೈಕನ್ನು ಬಾಯಿಂದ ಒಂದು ಗೇಣು ಕೆಳಗೆ, ಸೆರಗು ಉಜ್ಜದಂತೆ ಸಿಕ್ಕಿಸಿ. ಎಡಿಟಿಂಗಿಗೆ ಕಂಪ್ಯೂಟರಿನಲ್ಲಿ ಆಡಾಸಿಟಿ ಇದೆ, ಪುಕ್ಕಟೆ.

ಸಾಲ ಮಾಡಿ ಸ್ಟುಡಿಯೋ ಮುಂದಿನ ವರ್ಷವೂ ಕಟ್ಟಬಹುದು. ಹಾಡುವ ಅಜ್ಜಿ ಅಲ್ಲಿಯವರೆಗೆ ಇರುತ್ತಾಳೆಯೇ?